ಖಂಡಸ್ಫುಟಿತ ಜೀರ್ಣೋದ್ಧಾರ: ಹೇಮಾವತಿ ತೀರದ ಬಸದಿ, ದೇಗುಲ ಮತ್ತು ಒಂದು ಚರ್ಚು

ಕರ್ನಾಟಕದ ದಾನಶಾಸನಗಳನ್ನು ಓದಿ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿಗಟ್ಟು ಎಷ್ಟು ಪರಿಚಿತವೆಂದರೆ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ದೇವರ ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ, ನಂದಾದೀವಿಗೆಗೆ ಎಂದು ಬಿಟ್ಟ ಭೂಮಿಯ ಲೆಕ್ಕ ಹೇಳುವಾಗ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಈ ಮಾತು ಸೇರಿಕೊಳ್ಳುತ್ತದೆ. ಶಾಸನದ ಕಾವ್ಯಗುಣವನ್ನು ಹುಡುಕುವವರು ಇದನ್ನು ಸೂತ್ರರೂಪದ ಗದ್ಯವೆಂದು ಬದಿಗಿಡುತ್ತಾರೆ. ರಾಜವಂಶಗಳ ಕಾಲಾನುಕ್ರಮವನ್ನು ಹುಡುಕುವವರಿಗೆ ಇದರಿಂದ ಏನೂ ದೊರೆಯುವುದಿಲ್ಲ. ಆದರೆ ಹಾಸನ ಜಿಲ್ಲೆಯ ಹೇಮಾವತಿ ತೀರದಲ್ಲಿ, ಗೊರೂರು, ಹೊಳೆನರಸೀಪುರ, ಅರಕಲಗೂಡುಗಳ ಸುತ್ತಿನಲ್ಲಿ ಇಂದು ಯಾವ ಧಾರ್ಮಿಕ ಕಟ್ಟಡ ಉಳಿದಿದೆ, ಯಾವುದು ಅಳಿದಿದೆ ಎಂಬುದನ್ನು ವಿಚಾರಿಸುತ್ತ ಹೋದರೆ ಈ ಒಣ ನುಡಿಗಟ್ಟಿನ ಬಳಿಗೇ ಮರಳಿ ಬರಬೇಕಾಗುತ್ತದೆ. ಕಟ್ಟಿಸಿದವನು ಯಾರು ಎಂಬ ಪ್ರಶ್ನೆಗಿಂತ, ಕಟ್ಟಿಸಿದವನು ಹೋದ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಯಾರ ಮೇಲಿತ್ತು ಎಂಬ ಪ್ರಶ್ನೆಯೇ ಇಲ್ಲಿ ಹೆಚ್ಚು ಫಲಕಾರಿಯಾದುದು.

ಹೇಮಾವತಿಯು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಸಮೀಪದಲ್ಲಿ ಯಗಚಿಯನ್ನು ಕೂಡಿಸಿಕೊಂಡು, ಹೊಳೆನರಸೀಪುರದ ಬದಿಯಲ್ಲಿ ಹರಿದು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಇದರ ದಕ್ಷಿಣಕ್ಕೆ, ಅರಕಲಗೂಡು ತಾಲ್ಲೂಕಿನ ಅಂಚಿನಲ್ಲಿ, ಕಾವೇರಿಯೇ ಹರಿಯುತ್ತದೆ. ಪೂರ್ವಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಬಯಲು. ಅದರ ನಡುವೆ ಶ್ರವಣಬೆಳಗೊಳದ ಎರಡು ಬೆಟ್ಟಗಳು. ಹೊಳೆನರಸೀಪುರದ ಹೆಸರು ಇಂದು ರಾಜ್ಯದವರ ಕಿವಿಯಲ್ಲಿ ರಾಜಕೀಯದ ಅರ್ಥವನ್ನೇ ಪಡೆದುಕೊಂಡುಬಿಟ್ಟಿದೆ. ಆದರೆ ಆ ಹೆಸರು ಹುಟ್ಟಿದ್ದು ಒಂದು ದೇವರಿಂದ ಮತ್ತು ಒಂದು ಹೊಳೆಯಿಂದ. ತಿರುಮಕೂಡಲು ನರಸೀಪುರದಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಜನ ಆರಿಸಿಕೊಂಡದ್ದು ನೀರನ್ನೇ: ಅಲ್ಲಿ ಕೂಡಲು, ಇಲ್ಲಿ ಹೊಳೆ.

ಈ ಸೀಮೆಯ ಅತ್ಯಂತ ಹಳೆಯ ಸ್ಥಳೀಯ ರಾಜವಂಶಗಳಲ್ಲಿ ಕೊಂಗಾಳ್ವರದು ಒಂದು. ಕಾವೇರಿ ಹೇಮಾವತಿಗಳ ನಡುವಣ ಇಂದಿನ ಅರಕಲಗೂಡು ತಾಲ್ಲೂಕು ಮತ್ತು ಉತ್ತರ ಕೊಡಗಿನ ಏಳುಸಾವಿರ ಸೀಮೆ ಸೇರಿ ಅವರ ನಾಡಾಗಿತ್ತು. ಪಣಸೋಗೆಯ ಕಾಳಗದಲ್ಲಿ ತೋರಿದ ಶೌರ್ಯಕ್ಕಾಗಿ ಮನಿಜನೆಂಬವನಿಗೆ ಚೋಳ ರಾಜರಾಜನು ಕ್ಷತ್ರಿಯಶಿಖಾಮಣಿ ಕೊಂಗಾಳ್ವನೆಂಬ ಬಿರುದನ್ನೂ ಮಾಳವ್ವಿ ಎಂಬ ಊರನ್ನೂ ಕೊಟ್ಟನೆಂಬುದು ಈ ವಂಶದ ಆರಂಭದ ಕಥೆ. ಚೋಳರ ಅಧೀನರಾಗಿದ್ದೂ ಅವರು ಜೈನಧರ್ಮವನ್ನು ಅನುಸರಿಸಿದರು. ಕೊಡಗಿನ ಮುಳ್ಳೂರಿನ ಬಸದಿಗಳೂ ಅಲ್ಲಿನ ಹನ್ನೊಂದನೆಯ ಶತಮಾನದ ಶಾಸನಗಳೂ, ಪೋಚಬ್ಬರಸಿ ಮತ್ತು ಆಕೆಯ ಗುರು ಗುಣಸೇನ ಪಂಡಿತರ ಹೆಸರುಗಳೂ ಇದಕ್ಕೆ ಸಾಕ್ಷಿ. ಅರಕಲಗೂಡು ತಾಲ್ಲೂಕಿನ ಕ್ರಿ.ಶ. 1079ರ ಶಾಸನವೊಂದರಲ್ಲಿ ರಾಜೇಂದ್ರ ಪೃಥುವೀ ಕೊಂಗಾಳ್ವನು ತನ್ನ ‘ಅದಟರಾದಿತ್ಯ’ ಎಂಬ ಬಿರುದನ್ನೇ ಇಟ್ಟ ಚೈತ್ಯಾಲಯಕ್ಕೆ ದತ್ತಿ ಬಿಟ್ಟ ಸಂಗತಿಯಿದೆ. ಅದನ್ನು ಬರೆದ ಸಂಧಿವಿಗ್ರಹಿ ನಕುಲಾರ್ಯನು ನಾಲ್ಕು ಭಾಷೆಗಳಲ್ಲಿ ಬರೆಯಬಲ್ಲವನೆಂದು ಶಾಸನ ಹೇಳಿಕೊಳ್ಳುತ್ತದೆ. ಎರಡು ಹೊಳೆಗಳ ನಡುವಣ ಒಂದು ಚಿಕ್ಕ ನಾಡಿನ ಅರಮನೆಯಲ್ಲಿ ನಾಲ್ಕು ಭಾಷೆಗಳನ್ನು ಬಲ್ಲ ಅಧಿಕಾರಿಯಿದ್ದನೆಂಬುದು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು. ಅರಕಲಗೂಡಿನ ಹೆಸರಿನಲ್ಲಿರುವ ‘ಅರ್ಕ’ನಿಗೂ ಅದಟರಾದಿತ್ಯನ ‘ಆದಿತ್ಯ’ನಿಗೂ ಗಂಟು ಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಊರಿನ ಅರ್ಕೇಶ್ವರ ದೇವಾಲಯವಾಗಲಿ ಗೌತಮ ಋಷಿಯ ಐತಿಹ್ಯವಾಗಲಿ ಆ ಆಸೆಗೆ ಬೆಂಬಲ ಕೊಡುವುದಿಲ್ಲ. ಅರ್ಥಸಾಮ್ಯ ಒಂದೇ ಪ್ರಮಾಣವಾಗದು.

ಆ ಚೈತ್ಯಾಲಯದ ಸ್ಥಿತಿಯೇ ಈ ಪ್ರಬಂಧದ ಮೊದಲ ಪಾಠ. ಕೊಂಗಾಳ್ವರು ಹೊಯ್ಸಳರ ಒತ್ತಡದಲ್ಲಿ ಕ್ಷೀಣಿಸಿದರು. ಅರಸುಮನೆತನದ ಬಿರುದನ್ನು ಹೊತ್ತ ದೇವಾಲಯಕ್ಕೆ ಆ ಮನೆತನದಾಚೆಗೆ ಒಡೆಯರಿರಲಿಲ್ಲ. ಇಂದು ಅದಟರಾದಿತ್ಯ ಚೈತ್ಯಾಲಯವೆಂಬುದು ಮುಖ್ಯವಾಗಿ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ ಬದುಕಿರುವ ಹೆಸರು. 1902ರಲ್ಲಿ ಬಿ. ಎಲ್. ರೈಸ್ ಆ ಸಂಪುಟವನ್ನು ಹೊರತರದಿದ್ದರೆ ಅಷ್ಟೂ ಉಳಿಯುತ್ತಿತ್ತೋ ಇಲ್ಲವೋ. ಅದೇ ತಾಲ್ಲೂಕಿನ ರಾಮನಾಥಪುರದಲ್ಲಿ ಇದಕ್ಕೆ ತೀರ ಭಿನ್ನವಾದ ಉದಾಹರಣೆಯಿದೆ. ಕಾವೇರಿಯ ದಡದ ಆ ಊರಿನಲ್ಲಿ ರಾಮೇಶ್ವರ, ಸುಬ್ರಹ್ಮಣ್ಯ ದೇವಾಲಯಗಳಿಗೆ ನಡೆದುಕೊಳ್ಳುವ ಭಕ್ತರು ಹೊಳೆಯ ಮಡುವನ್ನೇ ವಹ್ನಿಪುಷ್ಕರಿಣಿಯೆಂದು ತೀರ್ಥವಾಗಿಸಿ, ಅಲ್ಲಿನ ದೊಡ್ಡ ಮೀನುಗಳಿಗೆ ಆಹಾರ ಹಾಕುತ್ತಾರೆಯೇ ಹೊರತು ಅವುಗಳನ್ನು ಹಿಡಿಯುವುದಿಲ್ಲ. ಮಡುವನ್ನು ಕಾಯುವ ಹೊಣೆ ಯಾವ ಒಂದು ಮನೆತನದ ಮೇಲೂ ನಿಂತಿಲ್ಲ. ಬಂದವರೆಲ್ಲರ ಮೇಲೂ ಹಂಚಿಹೋಗಿದೆ.

ಹೊಯ್ಸಳರ ಕಾಲಕ್ಕೆ ಬಂದರೆ ಸಾಮಗ್ರಿಯ ಹೊಳೆಯೇ ಹರಿಯುತ್ತದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ ಮೇಲೆ ಅವುಗಳ ಬಗ್ಗೆ ಹೇಳುವವರಿಗೆ ಕೊರತೆಯಿಲ್ಲ. ಹಾಸನದ ಸುತ್ತಲಿನ ಚಿಕ್ಕ ಊರುಗಳಲ್ಲಿಯೇ ಆ ಕಾಲದ ಗೃಹಸ್ಥಧರ್ಮದ ರೀತಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲಿ ಸಾಗುವವರಿಗೆ ಶಾಂತಿಗ್ರಾಮವೆಂಬ ಫಲಕ ಕಾಣಿಸುತ್ತದೆ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ಹೆಸರನ್ನು ಹೊತ್ತ ಊರು ಅದು. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಪತಿ ವೈಷ್ಣವಪಕ್ಷಪಾತಿ. ಶಾಂತಿಗ್ರಾಮದಲ್ಲಿ ಧರ್ಮೇಶ್ವರನೆಂಬ ಶಿವನ ಗುಡಿಯೂ ಕೇಶವನ ಗುಡಿಯೂ ಇವೆ; ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಆ ಬಸದಿಗೆ ಆಕೆ ಬಿಟ್ಟ ದತ್ತಿಯನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರ ವಶಕ್ಕೆ ಕೊಟ್ಟಳೇ ಹೊರತು ಅರಮನೆಯ ಭಂಡಾರದಲ್ಲಿ ಇಟ್ಟುಕೊಳ್ಳಲಿಲ್ಲ. 1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆಯೂ ಬಸದಿ ನಿಂತಿರುವುದಕ್ಕೆ ಗುರುಪರಂಪರೆಯೆಂಬ ಈ ವ್ಯವಸ್ಥೆಯೇ ಆಧಾರ.

ಇದೇ ಬಗೆಯ ಮತ್ತೊಂದು ಮನೆ ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿಯದು. ಚಂದ್ರಮೌಳಿ ಶಿವಭಕ್ತ ಬ್ರಾಹ್ಮಣ. ಆತನ ಹೆಂಡತಿ ಆಚಿಯಕ್ಕ ಜಿನಭಕ್ತೆ. ಆಕೆ ಬೆಳಗೊಳದ ಊರಿನೊಳಗೆ 1181ರಲ್ಲಿ ಪಾರ್ಶ್ವನಾಥನಿಗೆ ಕಟ್ಟಿಸಿದ ಬಸದಿ ಇಂದಿಗೂ ‘ಅಕ್ಕನ ಬಸದಿ’ ಎಂದೇ ಪ್ರಸಿದ್ಧ. ಆ ಬಸದಿಗೆ ಬಮ್ಮೆಯನಹಳ್ಳಿಯನ್ನು ಅರಸನಿಂದ ಬಿಡಿಸಿಕೊಟ್ಟವನು ಪತಿಯಾದ ಚಂದ್ರಮೌಳಿಯೇ. ಮತಭೇದವಿದ್ದ ದಂಪತಿಗಳ ಸಾಮರಸ್ಯಕ್ಕೆ ಇದನ್ನು ಮಾದರಿಯಾಗಿ ಉದ್ಧರಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಸಾಮರಸ್ಯ ಇಲ್ಲಿ ಮಾತಿನ ರೂಪದಲ್ಲಿರದೆ ಒಂದು ಹಳ್ಳಿಯ ಹುಟ್ಟುವಳಿಯ ರೂಪದಲ್ಲಿತ್ತು ಎಂಬುದನ್ನು ಉದ್ಧರಿಸುವವರು ಮರೆಯುತ್ತಾರೆ. ಅದಕ್ಕೂ ಮೊದಲು, 1159ರಲ್ಲಿ, ಹಿರಿಯ ಭಂಡಾರಿ ಹುಳ್ಳನು ಇಪ್ಪತ್ತನಾಲ್ಕು ತೀರ್ಥಂಕರರಿಗೆ ಕಟ್ಟಿಸಿದ ಭಂಡಾರಿ ಬಸದಿಯನ್ನು ನೋಡಲು ಬಂದ ಒಂದನೆಯ ನರಸಿಂಹನು ಅದಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು ಸವಣೇರು ಗ್ರಾಮವನ್ನು ಕೊಟ್ಟನು. ಹೆಸರನ್ನು ಮಾತ್ರ ಕೊಟ್ಟು ಹೋಗಿದ್ದರೆ ಶಾಸನದಲ್ಲಿ ಒಂದು ಚೆಲುವಾದ ಪದ್ಯ ಉಳಿಯುತ್ತಿತ್ತು, ಅಷ್ಟೆ.

1173ರ ಸುಮಾರಿಗೆ ಬಲ್ಲಾಳನ ಪಟ್ಟಾಭಿಷೇಕವಾಯಿತು. ಆ ಸಂದರ್ಭದ ಎರಡು ಕಟ್ಟಡಗಳು ಇಂದಿನ ಹಾಸನ ತಾಲ್ಲೂಕಿನಲ್ಲಿಯೇ ಇವೆ. ಕೋರವಂಗಲದಲ್ಲಿ ಬೂಚಿಯೆಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ಒಂದು. ಮರ್ಕುಲಿಯಲ್ಲಿ ಮಂತ್ರಿ ಬೂಚಿರಾಜ ಕಟ್ಟಿಸಿದ ಜಿನಾಲಯ ಮತ್ತೊಂದು. ಕನ್ನಡ ಸಂಸ್ಕೃತಗಳೆರಡರಲ್ಲಿಯೂ ಕಾವ್ಯನಿಪುಣನೆಂದು ಕೀರ್ತಿ ಪಡೆದ ಈ ಬೂಚಿರಾಜನು ತನ್ನ ಜಿನಾಲಯವನ್ನು ವಾಸುಪೂಜ್ಯ ಸಿದ್ಧಾಂತದೇವರಿಗೆ ಒಪ್ಪಿಸಿದನು. ಶಾಸನ ಅದನ್ನು ತ್ರಿಕೂಟ ಜಿನಾಲಯವೆಂದು ಕರೆಯುತ್ತದೆ, ಇಂದಿನವರು ಪಂಚಕೂಟ ಬಸದಿಯೆನ್ನುತ್ತಾರೆ. ಒಂದೇ ಹೆಸರು, ಒಂದೇ ಪಟ್ಟಾಭಿಷೇಕ. ಒಂದೆಡೆ ಲಿಂಗ, ಮತ್ತೊಂದೆಡೆ ಜಿನಬಿಂಬ. ಆ ಶತಮಾನದ ಅಧಿಕಾರಿವರ್ಗಕ್ಕೆ ಇದು ಆಶ್ಚರ್ಯದ ವಿಷಯವಾಗಿರಲಿಲ್ಲ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ, ಮೊಸಳೆಯ ನಾಗೇಶ್ವರ–ಚೆನ್ನಕೇಶವ ಜೋಡಿ ಗುಡಿಗಳು, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ — ಇವೆಲ್ಲ ಶಿಲ್ಪದ ಪುಸ್ತಕಗಳಲ್ಲಿ ತಕ್ಕ ಸ್ಥಾನ ಪಡೆದಿವೆ, ಇಲ್ಲಿ ವಿಸ್ತರಿಸಬೇಕಾಗಿಲ್ಲ. ದೊಡ್ಡಗದ್ದವಳ್ಳಿಯಲ್ಲಿ 2020ರ ನವೆಂಬರ್ ತಿಂಗಳಲ್ಲಿ ಮಹಾಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಕಂಡದ್ದನ್ನು ಮಾತ್ರ ನೆನೆಯಬೇಕು. ಕೇಂದ್ರದ ಸಂರಕ್ಷಣೆಯಲ್ಲಿರುವ, ಬೇಲಿ ಬೀಗಗಳಿರುವ ಗುಡಿಯಲ್ಲಿಯೂ ‘ಖಂಡ’ವೆಂಬುದು ಹಳೆಯ ಶಾಸನದ ಶಬ್ದವಾಗಿಯೇ ಉಳಿದಿಲ್ಲ.

ಈ ಎಲ್ಲ ಸಾಮಗ್ರಿಯಲ್ಲಿ ಅತ್ಯಂತ ಗಂಭೀರವಾದ ದಾಖಲೆ ಭಂಡಾರಿ ಬಸದಿಯಲ್ಲಿರುವ ವಿಜಯನಗರದ ಬುಕ್ಕರಾಯನ ಕ್ರಿ.ಶ. 1368ರ ಶಾಸನ. ಕರ್ನಾಟಕದಲ್ಲಿ ಮತಸಹಿಷ್ಣುತೆಯ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಎಲ್ಲ ನಾಡುಗಳ ಜೈನರು ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯ ಮತ್ತು ಕಲಶಗಳಿಗೆ ಜೈನದರ್ಶನವು ಮೊದಲಿನಂತೆ ಅರ್ಹವೆಂದೂ, ಜೈನರಿಗಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ತಿಳಿಯಬೇಕೆಂದೂ ತೀರ್ಪಾಯಿತು.

ಸಭೆಗಳಲ್ಲಿ ಉದ್ಧರಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ಇಡೀ ರಾಜ್ಯದ ಜೈನರ ಒಪ್ಪಿಗೆಯಿಂದ ತಿರುಮಲೆಯ ತಾತಯ್ಯನು ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಸೂರ್ಯಚಂದ್ರರಿರುವವರೆಗೆ ಇದು ನಡೆಯಬೇಕು. ಹಣ ಎಷ್ಟು, ಎತ್ತುವವರು ಯಾರು, ಆಳುಗಳೆಷ್ಟು, ಉಳಿಕೆಯನ್ನು ಏನು ಮಾಡಬೇಕು — ಒಂದು ಒಪ್ಪಂದಕ್ಕೆ ಬೇಕಾದುದೆಲ್ಲ ಇದೆ. ಕಲ್ಲೇಹದ ಬುಸುವಿಸೆಟ್ಟಿಯು ಜೀರ್ಣೋದ್ಧಾರವನ್ನು ನೆರವೇರಿಸಿದ ಮೇಲೆ ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಹಣ ಜೈನರದೇ ಆಗಿದ್ದು ಅದನ್ನು ಎತ್ತುವ ಅಧಿಕಾರ ವೈಷ್ಣವ ಆಚಾರ್ಯನದಾದುದರಲ್ಲಿ ಒಂದು ಬಗೆಯ ಅಧೀನತೆಯೂ ಕಾಣಿಸೀತು. ಹಾಗೆ ಓದುವುದಕ್ಕೆ ಅವಕಾಶವಿದೆ. ಆದರೆ ಬೇರೊಂದು ದಿಕ್ಕಿನಿಂದ ನೋಡಿದರೆ, ಹಾನಿ ಯಾರ ಕಡೆಯಿಂದ ಬರಬಹುದೋ ಅವರನ್ನೇ ಕಾವಲಿನ ಹೊಣೆಗಾರರನ್ನಾಗಿ ಮಾಡಿದ ಜಾಣತನ ಅದರಲ್ಲಿದೆ. ಭೇದವಿಲ್ಲವೆಂಬ ಘೋಷಣೆಗಿಂತ ಸುಣ್ಣದ ಲೆಕ್ಕವೇ ಈ ಶಾಸನದ ಜೀವಾಳವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಹೊಳೆನರಸೀಪುರ ಪಟ್ಟಣಕ್ಕೆ ಬಂದರೆ, ಲಕ್ಷ್ಮೀನರಸಿಂಹ ದೇವಾಲಯವೇ ಅದರ ಕೇಂದ್ರ. ಹೊಯ್ಸಳ ಕಾಲದ ಕಟ್ಟಡಕ್ಕೆ ಮುಂದಿನ ಕಾಲದವರು ತಮ್ಮ ತಮ್ಮ ಶಕ್ತಿಯಂತೆ ಸೇರಿಸುತ್ತ ಬಂದಿದ್ದಾರೆ. ಶುದ್ಧ ಹೊಯ್ಸಳ ಶೈಲಿಯನ್ನು ಅರಸಿ ಬರುವವರಿಗೆ ಈ ಸೇರ್ಪಡೆಗಳಿಂದ ನಿರಾಶೆಯಾಗಬಹುದು. ವಾಸ್ತವವಾಗಿ ಅವು ಜೀರ್ಣೋದ್ಧಾರದ ಪದರಗಳು. ನರಸಿಂಹ ನಾಯಕನೆಂಬ ಹೆಸರಿನ ಪಾಳೆಯಗಾರರ ಆಳ್ವಿಕೆ ಹೋಗಿ ಮೈಸೂರರಸರ ಅಧೀನಕ್ಕೆ ಊರು ಬಂದ ಮೇಲೂ, ಮುಂದೆ ಮುಜರಾಯಿ ಇಲಾಖೆಯ ಕಾಲದಲ್ಲಿಯೂ ಪೂಜೆ ನಿಲ್ಲದೆ ನಡೆದುದರಿಂದಲೇ ಕಟ್ಟಡ ಉಳಿದಿದೆ. ಹೊಳೆಗೆ ಅಡ್ಡಲಾಗಿ ಹಿಂದೆಯೇ ಕಟ್ಟಿದ ಶ್ರೀರಾಮದೇವರ ಕಟ್ಟೆಯೂ ಈ ಸೀಮೆಯ ಧಾರ್ಮಿಕ ಪರಂಪರೆಯ ಭಾಗವೇ ಸರಿ: ನೀರಿನ ಅಡ್ಡಗಟ್ಟೆಗೆ ದೇವರ ಹೆಸರಿಟ್ಟವರು ಗದ್ದೆಯನ್ನೂ ಗುಡಿಯನ್ನೂ ಬೇರೆಬೇರೆಯಾಗಿ ಎಣಿಸಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಊರಿಗೆ ಇನ್ನೊಂದು ಬಗೆಯ ಖ್ಯಾತಿ ಬಂದಿತು. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು 1937ರಲ್ಲಿ ಇಲ್ಲಿಗೆ ಬಂದು ನೆಲೆಸಿತು. ಶಂಕರಭಾಷ್ಯಗಳು ತಿಳಿಗನ್ನಡದಲ್ಲಿ ಅಚ್ಚಾಗಿ ಸಾಮಾನ್ಯ ಓದುಗನ ಕೈಗೆ ಹೋದದ್ದು ಈ ಹೊಳೆಯ ದಡದಿಂದ. ಅದೂ ಒಂದು ಜೀರ್ಣೋದ್ಧಾರವೇ, ಗ್ರಂಥದ್ದು.

ಹೊಳೆನರಸೀಪುರದಿಂದ ಹೊಳೆಯ ಮೇಲ್ಭಾಗಕ್ಕೆ ಗೊರೂರು. ಯೋಗಾನರಸಿಂಹನ ಗುಡಿ, ಅದರ ಕೆಳಗೆ ಹೇಮಾವತಿ. ಈ ನೋಟವನ್ನು ಕನ್ನಡ ಓದುಗರೆಲ್ಲ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಲ್ಲಿ ಕಂಡವರೇ. 1904ರಲ್ಲಿ ಹುಟ್ಟಿ 1991ರವರೆಗೆ ಬದುಕಿದ ಗೊರೂರರ ಆಯುಷ್ಯದೊಳಗೆಯೇ ಹೊಳೆ ತನ್ನ ರೂಪವನ್ನು ಬದಲಾಯಿಸಿತು. ಅವರ ಊರಿನ ಪಕ್ಕದಲ್ಲಿಯೇ ಎದ್ದ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣಮಟ್ಟ 2922 ಅಡಿ. ಹಿಡಿಯುವ ನೀರು ಸುಮಾರು 37 ಟಿಎಂಸಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೂ ಕೆರೆಗಳಿಗೂ ಅದರಿಂದ ನೀರು ಹೋಗುತ್ತದೆ. ಆ ನೀರಿನ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮುಳುಗಿದ ಹಳ್ಳಿಗಳವರು ಬೇರೆಡೆ ನೆಲೆ ಹುಡುಕಿಕೊಂಡರು. ಆ ಹಳ್ಳಿಗಳಲ್ಲಿ ಒಂದು ಶೆಟ್ಟಿಹಳ್ಳಿ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ರೀತಿಯ ಒಂದು ಚರ್ಚನ್ನು ಕಟ್ಟಿಸಿದರು. ರೋಜರಿ ಚರ್ಚು ಎಂದು ಅದರ ಹೆಸರು. ಚರ್ಚು ಎಂಬುದು ಹೊರಗಿನವರ ಮಾತು. ಕನ್ನಡ ಕಥೋಲಿಕರು ಇಂಥ ಕಟ್ಟಡವನ್ನು ದೇವಾಲಯವೆಂದೇ ಕರೆಯುತ್ತಾರೆ, ಅದರೊಳಗಿನ ಆರಾಧನೆಯನ್ನು ಬಲಿಪೂಜೆಯೆನ್ನುತ್ತಾರೆ. ಮೈಸೂರು ಸೀಮೆಯ ಕಥೋಲಿಕ ಚರಿತ್ರೆ ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ಯೂಟ್ ಲಿಯೊನಾರ್ಡೊ ಚಿನ್ನಮಿಯಿಂದ ಆರಂಭವಾಗುತ್ತದೆ. 1773ರಲ್ಲಿ ಜೆಸ್ಯೂಟ್ ಸಂಘ ರದ್ದಾದ ಮೇಲೆ ಇಲ್ಲಿನ ಕೆಲಸವನ್ನು ಪ್ಯಾರಿಸ್ ವಿದೇಶ ಮಿಷನ್ನಿನವರು ವಹಿಸಿಕೊಂಡರು. ಆ ಮಿಷನ್ನಿನ ಅಬ್ಬೆ ದುಬ್ವಾ, ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರಿಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿ, ಅವರಿಗಾಗಿ ಬೇಸಾಯದ ನೆಲೆಗಳನ್ನು ಏರ್ಪಡಿಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದನು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಆತನ ಗ್ರಂಥ ಪ್ರಸಿದ್ಧ, ಅದರ ಪೂರ್ವಗ್ರಹಗಳೂ ಪ್ರಸಿದ್ಧ. ಆತನ ನಂತರದ ಪೀಳಿಗೆ ಕನ್ನಡದ ಕೆಲಸವನ್ನು ಹೆಚ್ಚು ಶ್ರದ್ಧೆಯಿಂದ ಮಾಡಿತು. 1861ರಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಲ್ಯಾಟಿನ್–ಕನ್ನಡ ನಿಘಂಟು ಹೊರಬಂದಿತು. ಶೆಟ್ಟಿಹಳ್ಳಿಯ ಗೋಡೆಗಳು ಏಳುತ್ತಿದ್ದ ದಶಕವೇ ಅದು. ಕಿಟೆಲರ ಹೆಸರಿನ ಪ್ರಭೆಯಲ್ಲಿ ಈ ಕಥೋಲಿಕ ನಿಘಂಟುಕಾರರು ಮಂಕಾಗಿ ಉಳಿದಿದ್ದಾರೆ.

ಆಲೂರು ಸಕಲೇಶಪುರಗಳ ಬ್ರಿಟಿಷ್ ತೋಟದೊರೆಗಳಿಗಾಗಿ ಈ ಚರ್ಚು ಕಟ್ಟಲಾಯಿತೆಂಬ ಮಾತು ಪ್ರವಾಸದ ಬರಹಗಳಲ್ಲಿ ಸಾಮಾನ್ಯ. ಅದರಲ್ಲಿ ಸತ್ಯಾಂಶವೆಷ್ಟೇ ಇರಲಿ, ತೋಟದೊರೆಗಳು ಹೋದ ಮೇಲೆಯೂ ಗಂಟೆ ಬಾರಿಸಿದವರು, ದೀಪ ಹಚ್ಚಿದವರು ಸುತ್ತಲ ಹಳ್ಳಿಗಳ ಜನವೇ. ಬೆಲ್ಲ ಮತ್ತು ಮೊಟ್ಟೆಯನ್ನು ಗಾರೆಗೆ ಸೇರಿಸಿದ್ದರೆಂಬ ಕಥೆಯನ್ನೂ ಹೇಳುತ್ತಾರೆ. ಹಳೆಯ ಗಾರೆಯ ಕಟ್ಟಡ ಎಲ್ಲಿದ್ದರೂ ಅಲ್ಲಿ ಈ ಕಥೆ ಇರುತ್ತದೆ. ಕಟ್ಟಡ ಇಟ್ಟಿಗೆ ಮತ್ತು ಸುಣ್ಣದ ಗಾರೆಯದೆಂಬುದು ಮಾತ್ರ ಕಣ್ಣಿಗೆ ಕಾಣುವ ಸಂಗತಿ. ಅಣೆಕಟ್ಟಿನ ನೀರು ಏರಿ ಊರು ತೆರವಾದ ಮೇಲೆ ಬಲಿಪೂಜೆ ನಿಂತಿತು. ಮಾಡು ಹೋಯಿತು. ಮಳೆಗಾಲದಲ್ಲಿ ಹಿನ್ನೀರು ಬಂದು ಕಮಾನುಗಳ ಅರೆಮಟ್ಟಕ್ಕೆ ನಿಲ್ಲುತ್ತದೆ. ಬೇಸಗೆಯ ಹೊತ್ತಿಗೆ ಇಳಿದು ಬುಡದ ಮಣ್ಣು ಕಾಣಿಸುತ್ತದೆ. ಸುಣ್ಣದ ಗಾರೆಗೆ ಇದಕ್ಕಿಂತ ಕೇಡಿನ ಸ್ಥಿತಿಯಿಲ್ಲ. ಸದಾ ನೀರೊಳಗಿದ್ದರೆ ಅಥವಾ ಸದಾ ಒಣಗಿದ್ದರೆ ಅದು ತಾಳಿಕೊಳ್ಳುತ್ತದೆ. ವರ್ಷವರ್ಷವೂ ನೆನೆದು ಒಣಗುವಾಗ ಸುಣ್ಣ ಕರಗಿಹೋಗುತ್ತದೆ, ನೀರಿನೊಡನೆ ಒಳಹೊಕ್ಕ ಲವಣಗಳು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಸಿಪ್ಪೆಸಿಪ್ಪೆಯಾಗಿ ಉದುರಿಸುತ್ತವೆ. ಇತ್ತೀಚಿನ ವರ್ಷಗಳ ಮಳೆಗೆ ಗೋಡೆಯ ಭಾಗಗಳು ಕುಸಿದಿವೆ.

ಹೇಮಾವತಿಯ ಕೊನೆಯ ತುದಿಯಲ್ಲಿ ಇದಕ್ಕೆ ಹೋಲಿಸಬಹುದಾದ ಮತ್ತೊಂದು ಕಥೆಯಿದೆ. ಕೃಷ್ಣರಾಜಸಾಗರದ ನೀರಿನಲ್ಲಿ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತ್ತು. ಬರಗಾಲದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. ಹಲವು ದಶಕಗಳ ನಂತರ ಖೋಡೆ ಪ್ರತಿಷ್ಠಾನವು ಅದರ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಗುರುತು ಹಾಕಿ, ಮೇಲಿನ ದಡದ ಹೊಸ ಕನ್ನಂಬಾಡಿಯಲ್ಲಿ ಮರಳಿ ಜೋಡಿಸಿತು. ಶೆಟ್ಟಿಹಳ್ಳಿಯಲ್ಲಿ ಹಾಗೇಕೆ ಆಗಲಿಲ್ಲವೆಂದು ಕೇಳುವವರು ಮೊದಲು ಸಾಮಗ್ರಿಯ ಭೇದವನ್ನು ಗಮನಿಸಬೇಕು. ಹೊಯ್ಸಳ ಗುಡಿಯ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೇಲೊಂದು ಕುಳಿತಿರುತ್ತವೆ. ಅವನ್ನು ಎಣಿಸಬಹುದು, ಸಾಗಿಸಬಹುದು. ಇಟ್ಟಿಗೆ ಗಾರೆಯ ಗೋಡೆಯನ್ನು ಬಿಡಿಸಿದರೆ ಉಳಿಯುವುದು ಮಣ್ಣಿನ ರಾಶಿ. ಆದರೆ ಸಾಮಗ್ರಿಯೊಂದೇ ಕಾರಣವಲ್ಲ. ಕನ್ನಂಬಾಡಿಯ ದೇವರಿಗೆ ನಡೆದುಕೊಳ್ಳುವವರು ಹೊಸ ಊರಿನಲ್ಲಿಯೂ ಒಟ್ಟಾಗಿದ್ದರು, ಹಣವುಳ್ಳ ದಾನಿಯೊಬ್ಬರು ದೊರೆತರು. ಶೆಟ್ಟಿಹಳ್ಳಿಯಿಂದ ಎದ್ದುಹೋದ ಭಕ್ತರಿಗೆ ಹೊಸ ನೆಲೆಗಳಲ್ಲಿ ಬೇರೆ ದೇವಾಲಯಗಳಿದ್ದವು. ಕ್ರೈಸ್ತ ಸಂಪ್ರದಾಯದಲ್ಲಿ ಪೂಜೆ ನಿಂತ ಕಟ್ಟಡಕ್ಕೆ ಪಾವಿತ್ರ್ಯ ಅಂಟಿಕೊಂಡಿರಲೇಬೇಕೆಂಬ ನಿಯಮವೂ ಇಲ್ಲ.

ಭೂಸ್ವಾಧೀನಕ್ಕೆ ಆಗ ಆಧಾರವಾಗಿದ್ದುದು 1894ರ ಕಾಯಿದೆ. ಅದು ಜಮೀನಿಗೆ, ಮನೆಗೆ, ಮರಕ್ಕೆ ಬೆಲೆ ಕಟ್ಟುತ್ತಿತ್ತು. ಬೆಲೆ ಕೊಟ್ಟ ಮೇಲೆ ಸ್ವತ್ತು ಸರ್ಕಾರದ್ದಾಗುತ್ತಿತ್ತು. ಪರಿಹಾರ ಪಡೆದವನಿಗೆ ಅಲ್ಲಿಗೆ ಹಕ್ಕು ತೀರಿತು, ಹೊಣೆಯೂ ತೀರಿತು. ಪಡೆದುಕೊಂಡ ಇಲಾಖೆಗೆ ಬೇಕಾದದ್ದು ನೀರು ನಿಲ್ಲುವ ಜಾಗ, ಅದರಲ್ಲಿ ನಿಂತ ಗೋಡೆಯಲ್ಲ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸಾಲಿನಲ್ಲಿ ಶೆಟ್ಟಿಹಳ್ಳಿ ಇಲ್ಲ. ಹಾಸನ ಜಿಲ್ಲೆಯ ಕಥೋಲಿಕರು 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಆ ಧರ್ಮಪ್ರಾಂತ್ಯದ ಗಮನ ಸಹಜವಾಗಿಯೇ ಜನರಿರುವ ಊರುಗಳ ಕಡೆಗೆ. ಹನ್ನೆರಡನೆಯ ಶತಮಾನದ ದಾನಿಯೊಬ್ಬನು ಕೈಯಲ್ಲಿ ನೀರು ಹಿಡಿದು ಧಾರಾಪೂರ್ವಕವಾಗಿ ಭೂಮಿಯನ್ನು ಕೊಡುವಾಗ ಅದನ್ನು ಪಡೆಯುವ ಗುರುವಿನ ಹೆಸರು, ಭೂಮಿಯ ಎಲ್ಲೆ, ಅದರ ಹುಟ್ಟುವಳಿಯ ಉಪಯೋಗ, ತಪ್ಪಿದವರಿಗೆ ಶಾಪ ಎಲ್ಲವನ್ನೂ ಬರೆಸುತ್ತಿದ್ದನು. ಇಪ್ಪತ್ತನೆಯ ಶತಮಾನದ ಸ್ವಾಧೀನಪತ್ರದಲ್ಲಿ ಎಲ್ಲೆ ಮತ್ತು ಬೆಲೆ ಮಾತ್ರ ಉಳಿದುಕೊಂಡವು.

ಈಗ ಶೆಟ್ಟಿಹಳ್ಳಿಗೆ ಬರುವವರು ಛಾಯಾಚಿತ್ರಕ್ಕಾಗಿ ಬರುತ್ತಾರೆ. ‘ಮುಳುಗುವ ಚರ್ಚು’ ಎಂಬ ಹೆಸರು ಅಂತರ್ಜಾಲದಲ್ಲಿ ಹರಡಿದೆ. ಗೋಡೆಗಳ ಮೇಲೆ ಪ್ರೇಮಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಇದನ್ನು ಕಂಡು ಸಿಡಿಮಿಡಿಗೊಳ್ಳುವವರು ಶ್ರವಣಬೆಳಗೊಳದ ಬಂಡೆಗಳ ಮೇಲಿನ ನೂರಾರು ಚಿಕ್ಕ ಶಾಸನಗಳನ್ನೂ ನೆನೆಯಬೇಕು. ಅವುಗಳಲ್ಲಿ ಬಹಳಷ್ಟು ಯಾತ್ರಿಕರು ಬರೆದುಹೋದ ಬರಿಯ ಹೆಸರುಗಳು, ಉತ್ತರದಿಂದ ಬಂದವರ ನಾಗರಿ ಲಿಪಿಯವೂ ಸೇರಿ. ಇಂದು ಅವನ್ನು ಸಂಪುಟಗಳಲ್ಲಿ ಅಚ್ಚು ಮಾಡಿ ಸಂಖ್ಯೆ ಕೊಟ್ಟಿದ್ದೇವೆ. ಭೇದವಿರುವುದು ಆಧಾರದಲ್ಲಿ: ಬೆಟ್ಟದ ಬಂಡೆ ಕೆತ್ತನೆಯನ್ನು ತಾಳಿಕೊಳ್ಳುತ್ತದೆ, ನೆನೆದ ಗಾರೆ ತಾಳಿಕೊಳ್ಳುವುದಿಲ್ಲ. ಒಂದೊಂದು ಹೆಸರಿಗೂ ಒಂದು ಹಿಡಿ ಗೋಡೆ ಉದುರುತ್ತದೆ.

ಕಟ್ಟಡವನ್ನು ಪೂರ್ತಿಯಾಗಿ ಉಳಿಸಿಕೊಳ್ಳುವುದು ಈಗ ಸುಲಭವಲ್ಲ. ಅಡಿಪಾಯ ವರ್ಷದ ಹಲವು ತಿಂಗಳು ನೀರಿನಲ್ಲಿರುವಾಗ ಮೇಲಿನ ಕಮಾನಿಗೆ ಗಾರೆ ತುಂಬಿ ಪ್ರಯೋಜನ ಅಲ್ಪ. ಆದರೆ ರೈಸ್ ಕೊಂಗಾಳ್ವರ ಚೈತ್ಯಾಲಯಕ್ಕೆ ಮಾಡಿದಷ್ಟನ್ನಾದರೂ ಈ ಚರ್ಚಿಗೆ ಮಾಡಲು ಸಾಧ್ಯ. ಹಿನ್ನೀರು ಇಳಿದಿರುವ ಜನವರಿಯಿಂದ ಮೇ ತಿಂಗಳವರೆಗೆ ಬುಡದವರೆಗೆ ನಡೆದುಹೋಗಿ ಅಳತೆ ತೆಗೆಯಬಹುದು, ಇಟ್ಟಿಗೆಯ ಗಾತ್ರವನ್ನೂ ಗಾರೆಯ ಮಿಶ್ರಣವನ್ನೂ ಪರೀಕ್ಷಿಸಬಹುದು, ಉಳಿದ ಕಮಾನುಗಳ ನಕ್ಷೆ ಬರೆಯಬಹುದು. ಪ್ಯಾರಿಸ್ ಮಿಷನ್ನಿನವರು ವರ್ಷವರ್ಷವೂ ತಮ್ಮ ಕ್ಷೇತ್ರಗಳ ವರದಿಯನ್ನು ಅಚ್ಚು ಮಾಡಿಸುತ್ತಿದ್ದರು. ಮೈಸೂರು ಮಿಷನ್ನಿನ ಭಾಗಗಳನ್ನು ಫ್ರೆಂಚ್ ಬಲ್ಲ ಸಂಶೋಧಕರು ಕನ್ನಡಕ್ಕೆ ತಂದರೆ ಹಾಸನ ಸೀಮೆಯ ಹಳ್ಳಿಗಳ ಹತ್ತೊಂಬತ್ತನೆಯ ಶತಮಾನದ ಬದುಕಿಗೆ ಹೊಸ ಆಕರವೊಂದು ಸೇರುತ್ತದೆ. ಧರ್ಮಕೇಂದ್ರಗಳಲ್ಲಿ ಇಡುವ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳೂ ಇದೇ ಬಗೆಯ ಆಕರಗಳು. ಎದ್ದುಹೋದ ಮನೆಗಳ ಹೆಸರುಗಳನ್ನು ಅವುಗಳಿಂದ ಕೂಡಿಸಬಹುದು. ಮುಳುಗಡೆಯ ಮೊದಲು ಅಲ್ಲಿ ಬಲಿಪೂಜೆಗೆ ನಿಂತಿದ್ದ ಮಕ್ಕಳಿಗೆ ಇಂದು ಅರವತ್ತರ ಆಚೆಯ ವಯಸ್ಸು. ಅವರ ನೆನಪುಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ಬೇಸಗೆಯವರೆಗೂ ಕಾಯಬೇಕಾಗಿಲ್ಲ.